ಮೇಷ್ಟ್ರ ಕಂಪ್ಯೂಟರಿನ ಏದುಸಿರು

ಗಣಿತದ ಮೇಷ್ಟ್ರ ಮನೆಯ ಕಂಪ್ಯೂಟರ್ ಆ ದಿನ ಬೆಳಿಗ್ಗೆಯೇ ಏದುಸಿರು ಬಿಡುತ್ತಿತ್ತು. ಒಳಗಿನ ಫ್ಯಾನು ಖಾಲಿ ಮಿಕ್ಸಿಯಂತೆ ಕಿರುಚುತ್ತಿತ್ತು. ಮೇಷ್ಟ್ರು ಒಂದು ಅಕ್ಷರ ಒತ್ತಿದರೆ, ಕಂಪ್ಯೂಟರ್ ಯೋಚಿಸಿ, ಮನಸ್ಸು ಮಾಡಿ, ಅವರು ಕನ್ನಡಕ ಒರೆಸಿ ಹಾಕಿಕೊಳ್ಳುವ ಹೊತ್ತಿಗೆ ಅದನ್ನು ಪರದೆಯ ಮೇಲೆ ಮೂಡಿಸುತ್ತಿತ್ತು.

ಮರುದಿನ ಶಾಲೆ ಶುರು. ಇಡೀ ಶಾಲೆಯ ವೇಳಾಪಟ್ಟಿ ಸಂಜೆ ಐದರೊಳಗೆ ಹೆಡ್‌ಮಿಸ್ ಕೈಸೇರಬೇಕು. ಯಾವ ಟೀಚರಿಗೆ ಯಾವ ತರಗತಿ, ಯಾವ ಪೀರಿಯಡ್ ಎಂದು ಹೊಂದಿಸುವ ಈ ತಲೆನೋವು ಪ್ರತಿ ವರ್ಷವೂ ಮೇಷ್ಟ್ರದೇ. ಡ್ರಿಲ್ ಮಾಸ್ತರಿಗೆ ಊಟದ ನಂತರ ಮಕ್ಕಳನ್ನು ಓಡಿಸಲಾಗದು, ವಿಜ್ಞಾನದವರಿಗೆ ಜೋಡಿ ಪೀರಿಯಡ್ಡೇ ಬೇಕು, ಇತಿಹಾಸದವರಿಗೆ ಬೆಳಗಿನ ಹೊತ್ತು ಕೆಮ್ಮು. ಎಲ್ಲರ ಮಾತನ್ನೂ ನಡೆಸಿಕೊಟ್ಟ ಮೇಲೆ ಉಳಿಯುತ್ತಿದ್ದುದು ಯಾರಿಗೂ ಬೇಡವಾದ ಕೊನೆಯ ಪೀರಿಯಡ್. ಅದು ಚಿತ್ರಕಲೆಯ ಟೀಚರಿಗೆ. ಚಿತ್ರಕಲೆಯ ಟೀಚರ್ ಎಂದರೆ ಮೇಷ್ಟ್ರ ಹೆಂಡತಿ. ಮನೆಯವಳೇ ತಾನೇ, ಹೊಂದಿಕೊಂಡು ಹೋಗುತ್ತಾಳೆ.

ಆದರೆ ಮಗಳ ಪುಟ್ಟ ಶಾಲೆ ಒಂದು ಪೀರಿಯಡ್ ಮೊದಲೇ ಬಿಡುತ್ತಿತ್ತು. ಕಳೆದ ವರ್ಷವೆಲ್ಲಾ ಆ ಮಗು ಬೀಗ ಹಾಕಿದ ಮನೆಯ ಮೆಟ್ಟಿಲ ಮೇಲೆ ಕೂತು ಕಾದಿತ್ತು. ಬೇಸರ ಕಳೆಯಲು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಾಗಿಲು ಬರೆದು, ಅದಕ್ಕೊಂದು ಬೀಗವನ್ನೂ ಬರೆದಿತ್ತು. ಆ ಬಾಗಿಲನ್ನು ಒಂದು ದಿನ ಮೇಷ್ಟ್ರು ಕಣ್ಣಾರೆ ಕಂಡರು. ಅಂದೇ ಹೆಂಡತಿಗೆ ಮಾತು ಕೊಟ್ಟರು: "ಮುಂದಿನ ವರ್ಷ ನಿಂಗೆ ಕೊನೇ ಪೀರಿಯಡ್ ಇಲ್ಲ. ಇದು ನನ್ ಮಾತು."

ಇವತ್ತು ಬೆಳಿಗ್ಗೆ ಮಗಳು ಒದ್ದೆ ಬಟ್ಟೆ ತಗೊಂಡು ಆ ಬಾಗಿಲನ್ನು ತಾನೇ ಉಜ್ಜಿ ಅಳಿಸಿ, ಅಮ್ಮನ ಜೊತೆ ಹೊಸ ಬೂಟು ತರಲು ಪೇಟೆಗೆ ಹೋಗಿದ್ದಳು.

ಈ ಸಲ ಶಾಲೆಯವರು ವೇಳಾಪಟ್ಟಿ ಮಾಡಲು ಒಂದು ಹೊಸ ಪ್ರೋಗ್ರಾಂ ಕೊಟ್ಟಿದ್ದರು. ನಿನ್ನೆ ಸಂಜೆ ಮೇಷ್ಟ್ರು ಎಲ್ಲರ ಬೇಡಿಕೆಗಳನ್ನೂ ಅದಕ್ಕೆ ತುಂಬಿ ಗುಂಡಿ ಒತ್ತಿದ್ದರು. ಸಣ್ಣಕ್ಷರದಲ್ಲಿ ಏನೋ ಬಂತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಚುಕ್ಕೆ ಬಿಟ್ಟರೂ ಹಿಡಿಯುವ ಮೇಷ್ಟ್ರು, ಕಂಪ್ಯೂಟರ್ ಕೇಳಿದ್ದಕ್ಕೆ ಮಾತ್ರ ಓದದೇ 'ಸರಿ' ಒತ್ತುವವರು. 'ಸರಿ' ಒತ್ತಿದರು. ಏನೂ ಆಗಲಿಲ್ಲ. "ಕೆಲಸಕ್ಕೆ ಬಾರದ್ದು" ಎಂದು ಮುಚ್ಚಿ, ಹಳೆಯ ಪದ್ಧತಿಯಂತೆ ಕೈಯಾರೆ ಚೌಕ ತುಂಬಲು ಇವತ್ತು ಕೂತಿದ್ದರು. ಕೂತರೆ ಈ ಏದುಸಿರು.

ಫ್ಯಾನಿನ ಸದ್ದಿಗೆ ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್.

"ಏನ್ ಮೇಷ್ಟ್ರೇ, ಘಾಟಿ ಹತ್ತಿಸ್ತಾ ಇದೀರಾ? ಇಂಜಿನ್ ಕಾದಿದೆ. ಬಾನೆಟ್ ತೆಗೀರಿ."

ಬೇಡ ಎನ್ನುವಷ್ಟರಲ್ಲಿ ಡ್ರೈವರ್ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿದ್ದರು. ಸದ್ದು ಇಮ್ಮಡಿಯಾಯಿತು. ಅದಕ್ಕೆ ಮೇಲಿನ ಮನೆಯ ನರ್ಸಮ್ಮ ಇಳಿದು ಬಂದರು. ಬಂದವರೇ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟರು.

"ಅಯ್ಯೋ, ಕೆಂಡ! ಯಾವಾಗಿಂದ ಹೀಗಿದೆ?"

"ನಿನ್ನೆ ಸಂಜೆಯಿಂದ."

"ಮತ್ತೆ ಈಗ ಹೇಳ್ತಿದೀರಲ್ಲ!" ಎಂದು ಬೈದು, ಟೇಬಲ್ ಫ್ಯಾನ್ ತಂದು ಅದರ ಮುಖಕ್ಕೆ ಹಿಡಿದರು. ಕಂಪ್ಯೂಟರ್ ತಣ್ಣಗಾಗಲಿಲ್ಲ. ಶಿಕ್ಷಕರ ಬೇಡಿಕೆಯ ಚೀಟಿಗಳು ಮಾತ್ರ ಹಾರಿ ಮಂಚದಡಿ ಸೇರಿದವು. ಮೇಷ್ಟ್ರು ಮಂಚದಡಿ ತೆವಳಿ ಅವುಗಳನ್ನು ಹೆಕ್ಕುತ್ತಿದ್ದಾಗ ಮೇಲಿನಿಂದ ಹೊಸ ದನಿ ಕೇಳಿತು.

"ಭಾವ, ಅಲ್ಲೇನ್ ಹುಡುಕ್ತಿದೀರಾ? ವೈರಸ್ ಇರೋದು ಒಳಗೆ!"

ಹೆಂಡತಿಯ ತಮ್ಮ. ಫ್ರಿಜ್ ಮಾರುವವನು. ಕರೆಂಟಿಗೆ ಸಿಕ್ಕಿಸುವ ಯಾವುದೇ ವಸ್ತುವಾದರೂ ತನಗೆ ಗೊತ್ತೆನ್ನುವವನು. ಅವನು ಕುರ್ಚಿ ಎಳೆದುಕೊಂಡು, ಕಂಪ್ಯೂಟರ್ ಒಳಗೊಳಗೇ ಮಾಡುತ್ತಿರುವ ಕೆಲಸಗಳ ಪಟ್ಟಿ ತೆರೆದ. ಎಲ್ಲವೂ ಕೂತು ಆಕಳಿಸುತ್ತಿದ್ದವು. ಸ್ವರವೇ ಇಲ್ಲದ, ಬಾಯಲ್ಲಿ ಹೇಳಲಾಗದ ಹೆಸರಿನದೊಂದು ಮಾತ್ರ ಪ್ರೊಸೆಸರನ್ನು ಪೂರ್ತಿ ಹಿಂಡುತ್ತಿತ್ತು.

"ನೋಡಿ, ಕಳ್ಳ ಸಿಕ್ಕ! ಯಾವನೋ ದೂರದಲ್ಲಿ ಕೂತು ನಿಮ್ ಕಂಪ್ಯೂಟರಲ್ಲಿ ಅವನ ಕೆಲಸ ಮಾಡಿಸ್ಕೋತಿದಾನೆ."

"ನನ್ ಮನೇಲಿ, ನನ್ ಕರೆಂಟಲ್ಲಿ?" ಮೇಷ್ಟ್ರಿಗೆ ರೋಷ ಬಂತು. ತಾವೇ 'ನಿಲ್ಲಿಸು' ಒತ್ತಿದರು.

ಫ್ಯಾನು ನಿಂತಿತು. ಮನೆಯೇ ನಿಟ್ಟುಸಿರು ಬಿಟ್ಟಂತಾಯಿತು. ಡ್ರೈವರ್ ಮೇಷ್ಟ್ರ ಬೆನ್ನು ತಟ್ಟಲು ಕೈ ಎತ್ತಿದ್ದರಷ್ಟೆ, ಆ ಹೆಸರು ಮತ್ತೆ ಪಟ್ಟಿಗೆ ಬಂದು ಮೊದಲಿನಂತೆಯೇ ಬೆವರು ಸುರಿಸತೊಡಗಿತು. ಮತ್ತೆ ನಿಲ್ಲಿಸಿದರು. ಮತ್ತೆ ಬಂತು. ನೆಟ್ ಕಿತ್ತರು, ಬಂತು. ಕಂಪ್ಯೂಟರನ್ನೇ ಆರಿಸಿ ಹಚ್ಚಿದರು, ಅವರಿಗಿಂತ ಮೊದಲೇ ಬಂದು ಕೂತಿತ್ತು.

"ಎಷ್ಟು ಓಡಿಸಿದ್ರೂ ಬರ್ತಿದೆಯಲ್ಲ, ಪಾಪ," ಎಂದರು ನರ್ಸಮ್ಮ.

"ಪಾಪ ಏನು ಬಂತು! ದರೋಡೆ ಇದು," ಎಂದ ಭಾವಮೈದ.

"ಅಲ್ಲಾ, ಮೂಲೇಲಿ ಗಂಟೆ ಚಿತ್ರ ಕೆಂಪಗಾಗಿದೆಯಲ್ಲ, ಏನದು?" ಡ್ರೈವರ್ ಪರದೆಗೆ ಬೆರಳಿಟ್ಟು ಕೇಳಿದರು.

"ಜಾಹೀರಾತು. ನಾನು ಅದನ್ನ ಮುಟ್ಟೋದೇ ಇಲ್ಲ," ಎಂದರು ಮೇಷ್ಟ್ರು ಹೆಮ್ಮೆಯಿಂದ.

ಹೊತ್ತು ಇಳಿಯುತ್ತಿತ್ತು. ಹೆಡ್‌ಮಿಸ್ ಫೋನ್ ಬಂತು. "ಎಲ್ಲಿಗೆ ಬಂತು ಮೇಷ್ಟ್ರೇ?" "ಇನ್ನೇನು ಮೇಡಂ, ಕೊನೇ ಹಂತ!" ಎಂದು ಮೇಷ್ಟ್ರು ಖಾಲಿ ಚೌಕಗಳನ್ನು ನೋಡುತ್ತಾ ಸುಳ್ಳು ಹೇಳಿದರು.

ಕಡೆಗೆ ಭಾವಮೈದ ಕಳ್ಳನ ಬಿಲ ಪತ್ತೆ ಮಾಡಿದ. ಆ ಫೋಲ್ಡರನ್ನೇ ಅಳಿಸಹೊರಟಾಗ ಕಂಪ್ಯೂಟರ್ ಒಂದು ಉದ್ದದ ಪ್ರಶ್ನೆ ಕೇಳಿತು. ಮೇಷ್ಟ್ರು ಎಂದಿನಂತೆ 'ಸರಿ' ಒತ್ತಿದರು. ಭಾವಮೈದ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. "ಕಸ ಮನೇಲಿ ಇಟ್ಕೋಬಾರ್ದು ಭಾವ."

ಸದ್ದಡಗಿತು. ಈ ಸಲ ಯಾರೂ ಮರಳಿ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ, ಮೇಷ್ಟ್ರ ಲೆಕ್ಕದಲ್ಲಿ ಚಹಾ ಕುಡಿದು ಹೊರಟರು.

ಉಳಿದದ್ದು ಸ್ವಲ್ಪವೇ ಹೊತ್ತು. ಮೇಷ್ಟ್ರು ಕಳೆದ ವರ್ಷದ ಪಟ್ಟಿ ತೆರೆದು ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ಎಳೆದರು. ಚಿತ್ರಕಲೆಯನ್ನು ಕೊನೆಯ ಪೀರಿಯಡ್ಡಿನಿಂದ ಎತ್ತಿದರೆ ವಿಜ್ಞಾನ ಒಡೆಯುತ್ತಿತ್ತು, ವಿಜ್ಞಾನ ಕೂಡಿಸಿದರೆ ಇತಿಹಾಸ ಕೆಮ್ಮುತ್ತಿತ್ತು. ಗಡಿಯಾರ ನೋಡಿದರು. ಎತ್ತಿದ್ದನ್ನು ಮೆಲ್ಲಗೆ ಇದ್ದಲ್ಲೇ ಇಟ್ಟರು. ಕಳಿಸಿದರು.

ಹೆಂಡತಿ, ಮಗಳು ಬಂದರು. ಮೇಷ್ಟ್ರ ಮುಖ ನೋಡಿಯೇ ಹೆಂಡತಿಗೆ ತಿಳಿಯಿತು. ಅವಳು ಬಿಚ್ಚಿಟ್ಟ ತಗಡನ್ನು ಮುಚ್ಚಿ, ಚಹಾದ ಲೋಟಗಳನ್ನು ಎತ್ತುತ್ತಾ ಪರದೆ ನೋಡಿದಳು.

"ಇಷ್ಟೊಂದು ಸಂದೇಶ ಬಂದಿದೆ, ಓದಿಲ್ವಾ?" ಎಂದು ಕೆಂಪು ಗಂಟೆಯನ್ನು ಒತ್ತಿದಳು. ಅವಳು ಔಷಧಿ ಬಾಟಲಿಯ ಹಿಂಬದಿಯನ್ನೂ ಓದುವವಳು. ಒಂದೊಂದಾಗಿ ಓದಿದಳು.

'ವೇಳಾಪಟ್ಟಿ ಹೊಂದಿಸುತ್ತಿದ್ದೇನೆ. ನೀವು ಕಿಟಕಿ ಮುಚ್ಚಿದರೂ ಕೆಲಸ ನಡೆಯುತ್ತದೆ.'

'ಒಂದು ಷರತ್ತು ಕಠಿಣವಾಗಿದೆ: ಚಿತ್ರಕಲೆಗೆ ಕೊನೆಯ ಪೀರಿಯಡ್ ಬೇಡ. ಪ್ರಯತ್ನಿಸುತ್ತಿದ್ದೇನೆ.'

'ಕೆಲಸ ನಿಂತುಹೋಗಿತ್ತು. ನಿಂತಲ್ಲಿಂದ ಮುಂದುವರಿಸಿದ್ದೇನೆ.' ಇದೇ ಸಾಲು ಮತ್ತೆ ಮತ್ತೆ ಇತ್ತು.

'ಎಲ್ಲ ಷರತ್ತುಗಳೂ ಹೊಂದಿದವು. ಒಮ್ಮೆ ಸರಿ ನೋಡಿ ಕೊಡುತ್ತೇನೆ.'

ಅದರ ಮುಂದೆ ಏನೂ ಇರಲಿಲ್ಲ.

ಮೇಷ್ಟ್ರು ಕಸದ ಬುಟ್ಟಿ ತೆರೆದರು. ತೊಳೆದಿಟ್ಟಂತಿತ್ತು. ಹೆಡ್‌ಮಿಸ್‌ಗೆ ಫೋನ್ ಮಾಡಿದರು. "ಮೇಡಂ, ಆ ಪಟ್ಟಿ ಒಂದು ದಿನ ತಡೀತೀರಾ?"

"ಯಾಕ್ರೀ? ಎಲ್ರಿಗೂ ಕಳಿಸಾಯ್ತು. ಒಬ್ರೂ ತಕರಾರು ಮಾಡಿಲ್ಲ, ಇದೇ ಮೊದಲು! ಮುಟ್ಬೇಡಿ ಅದನ್ನ. ಮುಂದಿನ ವರ್ಷಾನೂ ನೀವೇ ಮಾಡ್ಬೇಕು."

ಕಂಪ್ಯೂಟರ್ ಸದ್ದೇ ಇಲ್ಲದೆ ಕೂತಿತ್ತು. ಇಡೀ ದಿನ ಯಾವುದಕ್ಕಾಗಿ ಹೆಣಗಿದ್ದರೋ ಆ ಮೌನವನ್ನು ಈಗ ಮೇಷ್ಟ್ರಿಗೆ ಸಹಿಸಲಾಗಲಿಲ್ಲ.

"ಬಿಡಿ. ಒಂದು ವರ್ಷ ತಾನೇ," ಎಂದಳು ಹೆಂಡತಿ. ಬೈದಿದ್ದರೆ ವಾಸಿಯಿತ್ತು.

ಮಗಳು ಇಬ್ಬರ ಮುಖವನ್ನೂ ನೋಡಿದಳು. ಹೊಸ ಬೂಟು ಬಿಚ್ಚಿಟ್ಟು, ಸೀಮೆಸುಣ್ಣದ ಡಬ್ಬಿ ಹುಡುಕಿ ತೆಗೆದು ಮೆಟ್ಟಿಲಿನತ್ತ ಹೊರಟಳು. ಬಾಗಿಲಲ್ಲಿ ನಿಂತು ತಿರುಗಿ, ಸಮಾಧಾನ ಮಾಡುವವಳಂತೆ ಹೇಳಿದಳು:

"ಅಪ್ಪಾ, ಈ ಸಲ ಬಾಗಿಲಿಗೆ ಬೀಗ ಬರೆಯಲ್ಲ."