ನಿರಪರಾಧಿ ಮೊಣಕಾಲು

ಪ್ರಫುಲ್ಲಾ: ಈ ಸಲವೂ ಮೊಣಕಾಲು ಅಂತ ಹೇಳಿದ್ರೆ ನಾನು ಎದ್ದು ಹೋಗ್ತೇನೆ, ನೋಡಿ.

ಗುಣಪಾಲ: ಮೆಲ್ಲ ಮಾತಾಡು ಮಾರಾಯ್ತಿ. ಅರ್ಧ ಡೊಂಬಿವಲಿ ಈ ಕ್ಲಿನಿಕ್ಕಿನಲ್ಲೇ ಕೂತಿದೆ.

ಪ್ರಫುಲ್ಲಾ: ಕೂರಲಿ. ಕನ್ನಡ ಅರ್ಥ ಆಗುದು ಯಾರಿಗೆ?

ಗುಣಪಾಲ: ಡಾಕ್ಟರಿಗೆ ಆಗ್ತದಲ್ಲ, ಅದೇ ಕಷ್ಟ. ನಮ್ಮ ಕನ್ನಡ ಸಂಘದಲ್ಲಿ ಫ್ರಾಕ್ ಹಾಕಿ ಕುಣಿದ ಮಗು ಅದು. ಅದರ ಹತ್ತಿರ ನಾನು ಎಂತ ಹೇಳುದು?

ಪ್ರಫುಲ್ಲಾ: ರಾತ್ರಿಯಿಡೀ ಹಾಸಿಗೆಗೂ ಬಾತ್‌ರೂಮಿಗೂ ಶಟಲ್ ಸರ್ವಿಸ್ ಮಾಡ್ತೇನೆ ಅಂತ ಹೇಳಿ. ಅಲ್ಲಿ ಹೋಗಿ ನಿಂತರೂ ಬರುದು ನೂಲಿನ ಹಾಗೆ ಅಂತ ಹೇಳಿ.

ಪ್ರಫುಲ್ಲಾರ ಗಂಡ ಗುಣಪಾಲ, ಮುಂಬಯಿ ಪಕ್ಕದ ಠಾಣೆ ನಗರದ ಹೋಟೆಲೊಂದರ ಮ್ಯಾನೇಜರ್. ಸಂಘದ ವಾರ್ಷಿಕ ಯಕ್ಷಗಾನದಲ್ಲಿ ರಾಕ್ಷಸನ ವೇಷ ಯಾವಾಗಲೂ ಅವರದೇ. ಈ ಸಲ ಮೊಣಕಾಲು ನೋವೆಂದು ಬಿಟ್ಟುಕೊಟ್ಟಿದ್ದಾರೆ. ನಿಜವಾದ ಕಾರಣ ಬೇರೆ: ಆ ವೇಷವನ್ನು ಒಮ್ಮೆ ಕಟ್ಟಿದರೆ ಆಟ ಮುಗಿಯುವ ತನಕ ಬಿಚ್ಚುವಂತಿಲ್ಲ.

ಪ್ರಫುಲ್ಲಾ: ನಿಮ್ಮ ವೇಷ ಸಂಘದ ಹರಿಶ್ಚಂದ್ರನಿಗೆ ಕೊಡ್ತಾರಂತೆ. ಅವನ ಅಬ್ಬರ ಕೇಳಿದ್ರೆ ರಾಕ್ಷಸ ಬಂದ ಹಾಗಿಲ್ಲ, ಸ್ಟೇಷನ್ನಿನ ಮೈಕಿನಲ್ಲಿ ಕಲ್ಯಾಣ್ ಲೋಕಲ್ ಟ್ರೈನ್ ತಡ ಅಂತ ಹೇಳಿದ ಹಾಗಿದೆ.

ಗುಣಪಾಲ: ಗೊತ್ತುಂಟು. ಹೊಟ್ಟೆ ಉರೀತದೆ.

ಪ್ರಫುಲ್ಲಾ: ಹೊಟ್ಟೆ ಬಿಡಿ, ಅದರ ಕೆಳಗಿನದ್ದು ಹೇಳಿ. ಮೇಲಿನ ಮನೆಯ ವಸಂತಕುಮಾರ ತನ್ನ ಬೈಪಾಸ್ ಗಾಯವನ್ನು ಲಿಫ್ಟಿನಲ್ಲಿ ಅಂಗಿ ಬಿಚ್ಚಿ ತೋರಿಸ್ತಾರೆ. ನಿಮಗೆ ಬಾಯಿ ಬಿಡ್ಲಿಕ್ಕೆ ಎಂತ?

ಗುಣಪಾಲ: ಹೃದಯಕ್ಕೆ ಮರ್ಯಾದೆ ಉಂಟು. ಇದಕ್ಕೆ ಇಲ್ಲ.

ಪ್ರಫುಲ್ಲಾ ಉತ್ತರ ಕೊಡುವಷ್ಟರಲ್ಲಿ ಸೀನು ಬಂತು. ಕಾಲಿನ ಮೇಲೆ ಕಾಲು ಬಿಗಿಯಾಗಿ ಹಾಕಿಕೊಂಡು ಸೀನಿದರು. ಅಷ್ಟರಲ್ಲಿ ಒಳಗಿಂದ ಕರೆ ಬಂತು. ಇಬ್ಬರೂ ಹೋಗಿ ಡಾಕ್ಟರ ಎದುರು ಕೂತರು.

ಡಾ. ಪ್ರಣೀತಾ: ಆಯಿಯೇ, ಬನ್ನಿ ಅಂಕಲ್. ಮೊಣಕಾಲು ಹೇಗಿದೆ?

ಗುಣಪಾಲ: ಹಾಗೇ ಉಂಟು ಡಾಕ್ಟರೇ.

ಪ್ರಫುಲ್ಲಾ ಎದ್ದರು. ಗಂಡ ಸೀರೆಯ ಸೆರಗು ಹಿಡಿದದ್ದರಿಂದ ಕೂತರು.

ಡಾ. ಪ್ರಣೀತಾ: ಎಕ್ಸ್-ರೇ ಏಕ್‌ದಮ್ ಕ್ಲಿಯರ್ ಅಂಕಲ್. ನನ್ನ ಮೊಣಕಾಲು ಕೂಡ ಇಷ್ಟು ಚೆನ್ನಾಗಿಲ್ಲ. ನೋವು ಯಾವಾಗ ಬರ್ತದೆ?

ಗುಣಪಾಲ: ರಾತ್ರಿ. ಎದ್ದು ಹೋಗುವಾಗ.

ಡಾ. ಪ್ರಣೀತಾ: ಎಲ್ಲಿಗೆ ಹೋಗುವಾಗ?

ಗುಣಪಾಲ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು.

ಡಾ. ಪ್ರಣೀತಾ: ಎಷ್ಟು ಸಲ?

ಗುಣಪಾಲ: ಮೊಣಕಾಲಾ?

ಡಾ. ಪ್ರಣೀತಾ: ಮೂತ್ರ, ಅಂಕಲ್.

ಆ ಶಬ್ದವನ್ನು ಅವರು ತರಕಾರಿಯ ಹೆಸರು ಹೇಳಿದಷ್ಟು ಸಹಜವಾಗಿ ಹೇಳಿದರು. ಗುಣಪಾಲರ ಕಟ್ಟೆ ಒಡೆಯಿತು. ರಾತ್ರಿಯ ಓಡಾಟ, ಲೋಕಲಿನಿಂದ ನಡುವೆಯೇ ಇಳಿಯುವುದು, ಬೆಳಿಗ್ಗೆಯಿಂದ ನೀರನ್ನೇ ಮುಟ್ಟದಿರುವುದು, ಎಲ್ಲವೂ ಹೊರಬಂತು.

ಡಾ. ಪ್ರಣೀತಾ: ನೀರು ಬಿಟ್ಟದ್ದು ತಪ್ಪು. ನಿಮ್ಮ ವಯಸ್ಸಿನಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು, ಅದು ಸಾಮಾನ್ಯ. ಆದರೆ ಮೊದಲು ಪರೀಕ್ಷೆ, ಸೋನೋಗ್ರಫಿ. ಹೆಚ್ಚಿನವರಿಗೆ ಮಾತ್ರೆಯಲ್ಲೇ ಸುಧಾರಿಸ್ತದೆ.

ಗುಣಪಾಲ: ಮತ್ತೆ ವೇಷ?

ಡಾ. ಪ್ರಣೀತಾ: ರಿಪೋರ್ಟ್ ಬರಲಿ. ಅಲ್ಲಿಯವರೆಗೆ ಕಿರೀಟ ಯಾರಿಗೂ ಕೊಡಬೇಡಿ ಅಂತ ಸಂಘಕ್ಕೆ ಹೇಳಿ.

ಪ್ರಫುಲ್ಲಾ: ನೋಡಿದ್ರಾ? ಇಷ್ಟೇ ಇದ್ದದ್ದು. ಪಾಪದ ಮೊಣಕಾಲಿಗೆ ಸುಮ್ಮನೆ ಮಾತ್ರೆ ತಿನ್ನಿಸಿದ್ರಿ. ಡಾಕ್ಟರ ಹತ್ತಿರ ಎಂತ ನಾಚಿಕೆ?

ಗೆದ್ದ ಸಂತೋಷಕ್ಕೆ ಜೋರಾಗಿ ನಕ್ಕರು. ನಗು ಅರ್ಧದಲ್ಲೇ ನಿಂತಿತು. ಕಾಲಿನ ಮೇಲೆ ಕಾಲು ಮತ್ತೆ ಬಿಗಿಯಾಗಿ ಬಂತು. ಡಾಕ್ಟರು ಪೆನ್ನು ಕೆಳಗಿಟ್ಟರು.

ಡಾ. ಪ್ರಣೀತಾ: ಆಂಟಿ, ನಗುವಾಗ, ಸೀನುವಾಗ ನಿಮಗೇನಾದ್ರೂ ತೊಂದರೆ ಆಗ್ತದಾ? ತುಂಬ ಹೆಂಗಸರಿಗೆ ಆಗ್ತದೆ. ಅದಕ್ಕೆ ವ್ಯಾಯಾಮ ಇದೆ.

ಪ್ರಫುಲ್ಲಾ: ನನಗಾ? ಛೆ, ಹಾಗೆಲ್ಲ ಎಂತ ಇಲ್ಲ. ಸ್ವಲ್ಪ... ಮೊಣಕಾಲು.

ಹೊರಡಲು ಎದ್ದಿದ್ದ ಗುಣಪಾಲ, ಕುರ್ಚಿಯನ್ನು ಹೆಂಡತಿಯ ಪಕ್ಕಕ್ಕೆ ಎಳೆದುಕೊಂಡು ಕೂತರು.

ಗುಣಪಾಲ: ಡಾಕ್ಟರೇ, ಎಕ್ಸ್-ರೇ ಬರೀಬೇಡಿ. ನಮ್ಮ ಮನೆಯವರ ಮೊಣಕಾಲು ಎಲ್ಲಿ ಇರ್ತದೆ ಅಂತ ನಿಮಗೆ ಈಗ ಗೊತ್ತಾಯ್ತಲ್ಲ.