ಹೆಬ್ಬೆರಳಿನ ಕೆಲಸ

ಹನ್ನೊಂದನೇ ಬಾಟಲಿಯ ನೀರನ್ನು ಗಾಜಿನ ಕೊಳವೆಗೆ ಸುರಿದು, ಕೊಳವೆಯ ಮೈ ಒರೆಸಿ, ಯಂತ್ರದ ಗೂಡಿಗಿಳಿಸಿ, ಅಂಕಿ ನಿಲ್ಲುವುದನ್ನು ನೀರಕ್ಕ ಕಾಯುತ್ತಿದ್ದಳು. ಅಂಕಿ ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡಿ ಮೂರಕ್ಕೆ ಬಂದು ನಿಂತಿತು. ಬರೆದುಕೊಂಡಳು. ನೀರು ಎಷ್ಟು ಕದಡಿದೆ ಎಂದು ಅಳೆಯುವುದು ಅವಳ ಕೆಲಸ. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಇದನ್ನೇ ಮಾಡಿ, ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಉಳಿದು, ಎಲ್ಲರ ಬಾಯಲ್ಲೂ ನೀರಕ್ಕ ಆಗಿದ್ದಳು. ಅಂಕಿ ಐದು ದಾಟಿದ ನೀರನ್ನು ಯಾರು ಎಷ್ಟು ಒತ್ತಾಯ ಮಾಡಿದರೂ ಊರಿಗೆ ಬಿಟ್ಟವಳಲ್ಲ. ಇವತ್ತು ಸಂಜೆ ಐದು ಗಂಟೆಗೆ ಅವಳಿಗೆ ನಿವೃತ್ತಿ.

"ಅಕ್ಕಾ, ನಿಮ್ಮ ಫೋಟೋ ಒಂದು ಬಾಕಿ ಇದೆ" ಎಂದು ಸ್ಟೋರ್‌ಕೀಪರ್ ಬಾಗಿಲಲ್ಲಿ ನಿಂತ. "ಗೋಡೆಗೆ ಹಾಕ್ಬೇಕಲ್ಲ. ರಿಟೈರ್ ಆದೋರು ಹದಿನಾಲ್ಕು ಜನ ಆಗ್ಲೇ ಅಲ್ಲಿದಾರೆ. ನೀವು ಹದಿನೈದನೆಯವ್ರು."

ಕಾರಿಡಾರಿನ ಗೋಡೆಯ ಮೇಲಿದ್ದ ಆ ಹದಿನಾಲ್ಕು ಫೋಟೋಗಳನ್ನೂ ತೆಗೆದವಳು ನೀರಕ್ಕನೇ. ಒಡೆದ ಪೈಪು, ಹೊಸ ಟ್ಯಾಂಕು, ಬಂದ ಸಾಹೇಬರು, ಹೋದ ಸಾಹೇಬರು, ಎಲ್ಲವನ್ನೂ ಅವಳೇ ತೆಗೆದಿದ್ದಳು, ಯಾವುದರಲ್ಲೂ ಅವಳಿರಲಿಲ್ಲ. ದೀಪದ ಬುಡ ಕತ್ತಲು. ಮನೆಯ ಆಲ್ಬಮ್ಮಿನಲ್ಲಿ ಮಕ್ಕಳು ಮರಳಿನಲ್ಲಿ ಕೂತ ಒಂದು ಚಿತ್ರವಿದೆ. ಅದರ ಅಂಚಿನಲ್ಲಿ ಉದ್ದಕ್ಕೆ ಬಿದ್ದಿರುವ, ಎರಡು ಮೊಣಕೈ ಎತ್ತಿದ ನೆರಳೇ ಅವಳು. ಹಾಗಾಗಿ ಇವತ್ತೊಂದು ಫೋಟೋ ಬೇಕಿತ್ತು. ಬಿಳಿ ಕೋಟು, ತನ್ನ ಮೇಜು, ಕೈಯಲ್ಲೊಂದು ನೀರಿನ ಬಾಟಲಿ. ನೋಡಿದವರು ಇವಳೇ ಎಂದು ಹೇಳುವಷ್ಟು ಸ್ಪಷ್ಟವಾಗಿ. ಎಷ್ಟು ಬೇಕಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಕೋಟಿಗೆ ಎರಡು ಸಲ ಇಸ್ತ್ರಿ ಹಾಕಿದ್ದಳು, ಅಷ್ಟೇ.

ಮೊಬೈಲಿನಲ್ಲಿ ತೆಗೆಯಬಹುದಿತ್ತು. ಆದರೆ ಗೋಡೆಯ ಫೋಟೋಗಳು ಕಚೇರಿಯ ಕ್ಯಾಮೆರಾದಲ್ಲೇ ಆಗಬೇಕೆಂಬ ನಿಯಮವಿತ್ತು. ಆ ನಿಯಮ ಮಾಡಿಸಿದವಳೂ ನೀರಕ್ಕನೇ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ತಾನೇ ಓಡಿಹೋಗಿ ಕೂರೋಣವೆಂದರೆ, ಸ್ಟ್ಯಾಂಡಿನ ಒಂದು ಕಾಲು ಮುರಿದು ಅದು ಸಾಹೇಬರ ಕೋಣೆಯಲ್ಲಿ ಗೋಡೆಗೊರಗಿ ಕೊಡೆ ಹಿಡಿದುಕೊಂಡು ನಿಂತಿತ್ತು.

ಸ್ಟೋರ್‌ಕೀಪರ್ ಕ್ಯಾಮೆರಾ ಎತ್ತಿ ಒಂದು ಕಣ್ಣು ಮುಚ್ಚಿದ.

"ಹಿಂದ್ಗಡೆ ಒಂದು ಗುಂಡಿ ಇದೆ ನೋಡಪ್ಪಾ. ಹೆಬ್ಬೆರಳಲ್ಲಿ ಅದನ್ನ ಒತ್ತಿ ಹಿಡ್ಕೋ. ಆಗ ಫೋಕಸ್ ಆಗುತ್ತೆ. ಆಮೇಲೆ ಮೇಲಿಂದು ಒತ್ತು."

"ಅಕ್ಕಾ, ನಮ್ಮ ಭಾವಮೈದನ ಮದುವೇಲಿ ಮುನ್ನೂರು ಫೋಟೋ ತೆಗ್ದಿದೀನಿ. ನೀವು ಸುಮ್ನೆ ನಗಿ."

ನೀರಕ್ಕ ನಕ್ಕಳು. ಕ್ಲಿಕ್ ಅಂದಿತು. ಪರದೆಯಲ್ಲಿ ಬಿಳಿ ಕೋಟೊಂದರ ಮೇಲೆ ಏನೋ ಕಂದು ಬಣ್ಣದ್ದು ಹಾಲಿಗೆ ಬಿದ್ದ ಬಿಸ್ಕತ್ತಿನ ಹಾಗೆ ಕರಗುತ್ತಿತ್ತು. ಅದು ಅವಳ ಮುಖ. ಕಣ್ಣಳತೆಯಲ್ಲೇ ನಲವತ್ತು ದಾಟುತ್ತೆ, ಕುಡಿಯಲು ಯೋಗ್ಯವಲ್ಲ ಎಂದುಕೊಂಡಳು.

"ಹೆಬ್ಬೆರಳು ಇಟ್ಯಾ?"

"ಇಟ್ಟೆ."

"ಎಲ್ಲಿ?"

ಅವನ ಹೆಬ್ಬೆರಳು ಪರದೆಯ ನಟ್ಟನಡುವೆ ಒದ್ದೆ ಮುದ್ರೆಯೊತ್ತಿ ಕೂತಿತ್ತು.

ಈ ಹೆಬ್ಬೆರಳಿನ ಹಿಂದೆ ಒಂದು ಕತೆಯಿದೆ. ಹಳೆಯದು ಕೆಟ್ಟು ಈ ಹೊಸ ಕ್ಯಾಮೆರಾ ಡಬ್ಬಿಯಿಂದ ಬಂದಾಗ ಎಲ್ಲ ಕ್ಯಾಮೆರಾಗಳ ಹಾಗೇ ಇತ್ತು. ಮೇಲಿನ ಗುಂಡಿಯನ್ನು ಅರ್ಧ ಒತ್ತಿದರೆ ಫೋಕಸ್ಸು, ಪೂರ್ತಿ ಒತ್ತಿದರೆ ಫೋಟೋ. ಒಂದೇ ಬೆರಳಿಗೆ ಎರಡು ಕೆಲಸ. ಮೊದಲ ಸಮಾರಂಭದಲ್ಲೇ ಅದು ಪ್ರತಿ ಸಲ ಒತ್ತಿದಾಗಲೂ ಸಾಹೇಬರನ್ನು ಬಿಟ್ಟು ಅವರ ಮುಂದಿದ್ದ ಹೂದಾನಿಯನ್ನು ಹಿಡಿದಿತ್ತು. ಹೂವು ಫಳಫಳ, ಸಾಹೇಬರು ಮಸಿ ಅರಿವೆ. "ಹೂದಾನಿಯ ಉದ್ಘಾಟನೆಗೆ ನನ್ನನ್ನೇಕೆ ಕರೆದಿರಿ?" ಎಂದು ಸಾಹೇಬರು ನೀರಕ್ಕನಿಗೆ ಬರಹದಲ್ಲೇ ಕೇಳಿದ್ದರು. ಅವಮಾನದಿಂದ ಮೈಯೆಲ್ಲ ಉರಿದು, ಅವಳು ಕ್ಯಾಮೆರಾದ ಜೊತೆ ಬಂದಿದ್ದ ಪುಸ್ತಕವನ್ನು ಆದ್ಯಂತ ಓದಿ ಕೆಲಸ ಹಂಚಿದಳು. ನೋಡುವುದು ಹಿಂದಿನ ಗುಂಡಿಗೆ, ಹೆಬ್ಬೆರಳಿಗೆ. ಹಿಡಿಯುವುದು ಮೇಲಿನ ಗುಂಡಿಗೆ, ತೋರುಬೆರಳಿಗೆ. ಅಂದಿನಿಂದ ಆರು ವರ್ಷ ಯಾವ ಹೂದಾನಿಯೂ ಅವಳನ್ನು ಸೋಲಿಸಿರಲಿಲ್ಲ.

"ಬೆಳಕು ಸಾಲ್ದು ಅಕ್ಕಾ" ಎಂದ ಸ್ಟೋರ್‌ಕೀಪರ್. ಮೇಜನ್ನು ಕಿಟಕಿಗೆ ಎಳೆದರು. ಒಂದು ಬಾಟಲಿ ಉರುಳಿ ನೀರೆಲ್ಲ ಅವಳ ಚಪ್ಪಲಿಗೆ ಹೋಯಿತು. ಐದು ಸಲ ಕ್ಲಿಕ್ ಅಂದಿತು, ಐದು ಸಲವೂ ಬಿಸ್ಕತ್ತು. ಆರನೆಯದಕ್ಕೆ ಅವನು ಕ್ಯಾಮೆರಾ ಕೆಳಗಿಟ್ಟು, "ಇದು ಕೆಟ್ಟಿದೆ" ಎಂದು ತೀರ್ಪು ಕೊಟ್ಟ.

"ಕುಣಿಯೋಕೆ ಬಾರದೋರು ನೆಲ ಡೊಂಕು ಅಂದ್ರಂತೆ" ಎಂದಳು ನೀರಕ್ಕ.

ಅನ್ನಬಾರದಿತ್ತು. ಸಂಜೆ ಕ್ಯಾಮೆರಾ, ಬೀಗದ ಕೈ, ಯಂತ್ರ, ಎಲ್ಲವನ್ನೂ ಅವಳಿಂದ ವಾಪಸು ಪಡೆದು ಪಟ್ಟಿ ಬರೆಯುವವನು ಅವನೇ. ಅವನು ಮುಖ ಗಂಟುಹಾಕಿಕೊಂಡು ಹೋದ.

ಸೆಟ್ಟಿಂಗ್ ಬದಲಾಯಿಸಿಬಿಟ್ಟರೆ ಒಂದು ನಿಮಿಷದ ಕೆಲಸವೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಯಾಕೆ ಬದಲಾಯಿಸಬೇಕು? ಇಪ್ಪತ್ತೊಂಬತ್ತು ವರ್ಷ ಇವರ ಗಲ್ಲ ಎತ್ತಿಸಿ, ಕಾಲರ್ ಸರಿ ಮಾಡಿ, ಕಣ್ಣು ಮುಚ್ಚಿದವರಿಗೆ ಇನ್ನೊಂದು, ಮತ್ತೊಂದು ಎಂದು ತೆಗೆದವಳಿಗೆ ಇವರು ಒಂದು ಹೆಬ್ಬೆರಳು ಕೊಡಲಾರರೇ?

ಊಟದ ಹೊತ್ತಿಗೆ ಟೈಪಿಸ್ಟ್ ಹುಡುಗಿ ಬಂದಳು. ಇವಳು ಮಾತು ಕೇಳುವವಳು. ನೀರಕ್ಕ ಕೂರಿಸಿಕೊಂಡು ವಿವರಿಸಿದಳು. "ಇದರಲ್ಲಿ ಮೂರು ತರ ಇದೆ ಕಣೇ. ಒಂದು, ಒಂದ್ಸಲ ಹಿಡಿದ್ರೆ ಅಲ್ಲೇ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ, ನಮ್ಮ ಯಜಮಾನರ ತರ. ಇನ್ನೊಂದು, ಹೋದವರ ಹಿಂದೆಲ್ಲ ಹೋಗ್ತಾನೇ ಇರುತ್ತೆ."

"ನಮ್ಮತ್ತೆ ಕಣ್ಣಿನ ತರ!"

"ಹೂಂ. ಮೂರನೇದು, ಯಾವಾಗ ನಿಲ್ಲಬೇಕು, ಯಾವಾಗ ಹೋಗಬೇಕು ಅಂತ ತಾನೇ ತೀರ್ಮಾನ ಮಾಡುತ್ತೆ, ಅಂದ್ರೆ ಮಾಡೋದೇ ಇಲ್ಲ. ಅಡ್ಡಗೋಡೆ ಮೇಲೆ ದೀಪ. ಯಾರು ಅಂತ ನಾನು ಹೇಳಲ್ಲ." ಇಬ್ಬರೂ ಸಾಹೇಬರ ಕೋಣೆಯ ಕಡೆ ನೋಡಿ ನಕ್ಕರು. "ಈಗ ಎರಡನೇದರಲ್ಲಿದೆ. ಹೆಬ್ಬೆರಳು ಒತ್ತಿರೋವರೆಗೂ ನನ್ನ ಮೇಲೆ ಕಣ್ಣಿಟ್ಟಿರುತ್ತೆ. ಬಿಟ್ರೆ, ಬಿಟ್ಟ ಜಾಗದಲ್ಲೇ ನಿಂತುಬಿಡುತ್ತೆ."

ಹುಡುಗಿ ಹೆಬ್ಬೆರಳು ಒತ್ತಿದಳು. ಸರಿಯಾಗಿಯೇ ಒತ್ತಿದಳು. ಆಮೇಲೆ, "ಮೇಡಂ, ಮೇಜು ಪೂರ್ತಿ ಬರ್ತಿಲ್ಲ" ಎನ್ನುತ್ತ ಬೆರಳು ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಕ್ಲಿಕ್. ಅವಳು ಮೊದಲು ನಿಂತಿದ್ದ ದೂರಕ್ಕೆ ಸರಿಯಾಗಿ ಈಗ ಒಂದು ಖಾಲಿ ಸ್ಟೂಲಿತ್ತು. ಸ್ಟೂಲಿನ ಮೊಳೆ ಮೊಳೆಯೂ ಎಣಿಸುವಂತೆ ಬಂದಿತ್ತು.

"ಮತ್ತೆ ಒತ್ಬೇಕಿತ್ತು ಕಣೇ, ಹಿಂದೆ ಹೋದ್ಮೇಲೆ!"

"ಒಂದ್ಸಲ ಒತ್ತಿದ್ದೆನಲ್ಲ ಮೇಡಂ" ಎಂದು ಹುಡುಗಿಯ ಕಣ್ಣು ತುಂಬಿತು. ಅವಳನ್ನು ಸಮಾಧಾನ ಮಾಡಲು ನೀರಕ್ಕನೇ ಅವಳ ಫೋಟೋ ನಾಲ್ಕು ತೆಗೆದುಕೊಡಬೇಕಾಯಿತು. ನಾಲ್ಕೂ ಕನ್ನಡಿಯಂತೆ ಬಂದವು.

ಮೂರು ಗಂಟೆಗೆ ವ್ಯಾನಿನ ಡ್ರೈವರ್ ಬಂದ. ಇಪ್ಪತ್ತು ವರ್ಷ ಅವಳ ಬಾಟಲಿಗಳನ್ನು ಒಂದೂ ಒಡೆಯದೆ ಹೊತ್ತು ತಂದ ಸ್ಥಿರವಾದ ಕೈ. "ಹೆಬ್ಬೆರಳಲ್ಲಿ ಒತ್ತೋದು ತಾನೆ ಅಕ್ಕಾವ್ರೇ, ಹಾರ್ನ್ ಇದ್ದಂಗೆ" ಎಂದ. ನೀರಕ್ಕನಿಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. "ಪರದೇಲಿ ಫೋಕಸ್ ತೋರಿಸೋ ಚೌಕ ಇದೆಯಲ್ಲ, ಅದನ್ನ ನನ್ನ ಮುಖದ ಮೇಲಿಡಪ್ಪಾ" ಎಂದಳು. ಅವನು ಇಟ್ಟ. ಆದರೆ ಹಾರ್ನ್ ಎಂದಮೇಲೆ ಅಭ್ಯಾಸ ಬಿಡುತ್ತದೆಯೇ? ಪೀಂ ಪೀಂ ಎಂದು ಎಂಟು ಸಲ ಒತ್ತಿದ. ಪ್ರತಿ ಒತ್ತಿಗೂ ಕ್ಯಾಮೆರಾ ರಸ್ತೆಗುಂಡಿಗೆ ಬಿದ್ದ ವ್ಯಾನಿನಂತೆ ಕುಲುಕಿ ಚೌಕ ಅವಳ ತಲೆಯ ಮೇಲಕ್ಕೆ ಹಾರಿತು. ಅಲ್ಲಿ ಗೋಡೆ ಗಡಿಯಾರವಿತ್ತು. ಎಂಟು ಫೋಟೋಗಳಲ್ಲೂ ಗಡಿಯಾರ ಸ್ವಚ್ಛ. ಮೂರು ಹತ್ತು, ಮೂರು ಹನ್ನೊಂದು, ಮೂರು ಹನ್ನೆರಡು. ಅವಳ ನಿವೃತ್ತಿಗೆ ಎಷ್ಟು ಹೊತ್ತು ಬಾಕಿ ಎಂದು ನಿಮಿಷ ನಿಮಿಷಕ್ಕೂ ದಾಖಲೆ. ಅದರ ಕೆಳಗೆ ಬಿಸ್ಕತ್ತು.

ಆಗ ಸಾಹೇಬರು ಬಂದರು. ಹಿಂದೆ ಪಟ್ಟಿ ಹಿಡಿದ ಸ್ಟೋರ್‌ಕೀಪರ್.

"ಏನ್ರೀ ಇದು? ಕ್ಯಾಮೆರಾ ಹಾಳುಮಾಡಿದ್ದೀರಂತೆ? ಮುಂದಿನ ತಿಂಗಳು ನನ್ನ ನಿವೃತ್ತಿ ಇದೆ. ನನ್ನ ಫೋಟೋ ಗೋಡೆಗೆ ಹೇಗ್ರೀ ಬರುತ್ತೆ?"

ಪಟ್ಟಿಯಲ್ಲಿ ಕ್ಯಾಮೆರಾದ ಮುಂದೆ 'ದೋಷಯುಕ್ತ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ನೀರಕ್ಕ ಕ್ಯಾಮೆರಾ ಎತ್ತಿದಳು, ಹೆಬ್ಬೆರಳು, ತೋರುಬೆರಳು, ಕ್ಲಿಕ್. ಪರದೆಯಲ್ಲಿ ಸಾಹೇಬರ ಮೂಗಿನ ತುದಿಯ ಬೆವರ ಹನಿಯೂ ಹೊಳೆಯುತ್ತಿತ್ತು.

"ನೋಡಿ ಸರ್. ಎಲ್ಲಿದೆ ದೋಷ?"

"ನೀವು ತೆಗೆದ್ರೆ ಬರುತ್ತೆ, ಬೇರೆಯವ್ರು ತೆಗೆದ್ರೆ ಬರಲ್ಲ. ಅದೇ ದೋಷ ಅಲ್ವೇನ್ರೀ?"

"ಕಾರೂ ಹಾಗೇ ಅಲ್ವಾ ಸರ್? ಡ್ರೈವರ್ ಓಡಿಸಿದ್ರೆ ರಸ್ತೇಲಿ ಹೋಗುತ್ತೆ, ನೀವು ಓಡಿಸಿದ್ರೆ..." ಎಂದವಳು ತಡೆದಳು. ಕಚೇರಿಯ ಗೇಟಿನ ಎಡಗಂಬ ಇವತ್ತಿಗೂ ಬಾಗಿಯೇ ಇತ್ತು. ಡ್ರೈವರ್ ಕೆಮ್ಮುತ್ತ ಹೊರಗೆ ಹೋದ.

ಸಾಹೇಬರು ಕಿವಿಯವರೆಗೆ ಕೆಂಪಾದರು. "ಡಬ್ಬಿಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿ ಒಪ್ಪಿಸಿ. ಇಲ್ಲದಿದ್ರೆ ವಿವರಣೆ ಬರೆದುಕೊಡಿ, ನಿಮ್ಮ ಕಡತಕ್ಕೆ ಸೇರಿಸ್ತೀನಿ."

ಇಪ್ಪತ್ತೊಂಬತ್ತು ವರ್ಷದ ಕಡತ. ಅದರಲ್ಲಿ ಕಪ್ಪು ಎಂದರೆ ಆ ಹೂದಾನಿಯೊಂದೇ. ಹಲ್ಲು ಕಚ್ಚಿಕೊಂಡು ನೀರಕ್ಕ ಮೆನು ತೆರೆದಳು. 'ಎಲ್ಲ ಹೊಂದಿಕೆಗಳನ್ನೂ ಅಳಿಸಬೇಕೇ?' ಎಂದು ಕ್ಯಾಮೆರಾ ಕೇಳಿತು. ಇಡೀ ದಿನದಲ್ಲಿ ಅವಳನ್ನು ಒಂದು ಮಾತು ಕೇಳಿದ್ದು ಅದೊಂದೇ. ಹೌದು ಎಂದು ಒತ್ತಿದಳು. ಹೋಗಲಿ, ಈಗ ಯಾರು ಒತ್ತಿದರೂ ನನ್ನ ಮುಖ ಬರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಳು.

ನಾಲ್ಕೂಮುಕ್ಕಾಲಿಗೆ ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ನೀರಕ್ಕ ಬಿಳಿ ಕೋಟಿನಲ್ಲಿ, ಹನ್ನೊಂದನೇ ಬಾಟಲಿಯನ್ನು ಎದೆಯ ಹತ್ತಿರ ಹಿಡಿದು ಕೂತಳು. ಟೈಪಿಸ್ಟ್ ಹುಡುಗಿ ಓಡಿಬಂದು, "ಅಯ್ಯೋ ಮೇಡಂ, ಇದೇನು ನೀರು ಹಿಡ್ಕೊಂಡು!" ಎಂದು ಬಾಟಲಿ ಕಿತ್ತುಕೊಂಡು ಒಂದು ಹೂಗುಚ್ಛ ತುರುಕಿದಳು. ಎರಡು ಮಕ್ಕಳಷ್ಟು ಗಾತ್ರವಿತ್ತು ಅದು. ನೀರಕ್ಕ ಮಡಿಲಿಗಿಳಿಸಿಕೊಂಡಳು.

"ಎತ್ತಿ ಹಿಡೀರಿ, ಮುಂದಕ್ಕೆ ಹಿಡೀರಿ" ಎಂದರು ಸಾಹೇಬರು. ಕ್ಯಾಮೆರಾ ಅವರ ಕೈಯಲ್ಲೇ ಇತ್ತು. "ಇವತ್ತು ನಾನೇ ತೆಗೀತೀನಿ."

"ಸರ್, ಚೌಕ ನೀವೇ ಆರಿಸಿ ಮುಖದ ಮೇಲಿಡಿ. ಅದರ ಪಾಡಿಗೆ ಬಿಟ್ರೆ ಹತ್ತಿರ ಇರೋದನ್ನ ಹಿಡ್ಕೊಂಡುಬಿಡುತ್ತೆ..."

"ಕ್ಯಾಮೆರಾಗೆ ಗೊತ್ತಿರುತ್ತೆ ಕಣ್ರೀ. ನೀವು ಇನ್ನಾದ್ರೂ ಸ್ವಲ್ಪ ಬಿಡಿ."

ಪೀಂ ಎಂದು ಅದು ಗುರಿ ಹಿಡಿದ ಸದ್ದು ಕೇಳಿಸಿತು. ಕ್ಲಿಕ್. ಸಾಹೇಬರು ಪರದೆ ನೋಡಿ, "ಆಹಾ!" ಎಂದರು. ಎಲ್ಲರೂ ಮುಗಿಬಿದ್ದು, "ಆಹಾ!" ಎಂದರು. ನೀರಕ್ಕನ ಎದೆ ಹಗುರವಾಯಿತು. ಕತ್ತು ಉದ್ದ ಮಾಡಿ ನೋಡಿದಳು.

ಹೂವು. ಎಸಳು ಎಸಳಿನ ನರವೂ ಕಾಣುತ್ತಿತ್ತು. ಒಂದು ಎಲೆಯ ಮೇಲೆ ಕೂತ ಇರುವೆಯ ಆರೂ ಕಾಲುಗಳನ್ನು ಎಣಿಸಬಹುದಿತ್ತು. ಅದರ ಹಿಂದೆ, ದೂರದಲ್ಲಿ, ಬಿಸ್ಕತ್ತು.

"ಮುಖ ಬಂದಿಲ್ವಲ್ಲ" ಎಂದಳು ಮೆಲ್ಲಗೆ.

"ನಿಮ್ಮ ಮುಖ ಎಲ್ಲರಿಗೂ ಗೊತ್ತಿರೋದೇ ತಾನೆ ಮೇಡಂ?" ಎಂದಳು ಟೈಪಿಸ್ಟ್ ಹುಡುಗಿ, ಪ್ರೀತಿಯಿಂದಲೇ. "ಹೂವು ನೋಡಿ ಎಷ್ಟು ಚೆನ್ನಾಗಿದೆ!"

"ಇನ್ನೊಂದು ತೆಗೀರಿ ಸರ್, ಒಂದೇ ಒಂದು."

"ಐದಾಯ್ತಲ್ಲ" ಎಂದು ಸ್ಟೋರ್‌ಕೀಪರ್ ಬೀಗದ ಗೊಂಚಲು ಕುಲುಕಿದ. ಎಂಟು ಫೋಟೋಗಳಲ್ಲಿ ಸ್ವಚ್ಛವಾಗಿ ಬಂದಿದ್ದ ಗಡಿಯಾರ ಪಕ್ಕದ ಕೋಣೆಯಲ್ಲಿ ಐದು ಬಾರಿಸಿತು. "ಇದೇ ಗೋಡೆಗೆ ಹೋಗ್ಲಿ" ಎಂದರು ಸಾಹೇಬರು. "ನೋಡಿದ್ರೇನ್ರೀ? ಕ್ಯಾಮೆರಾದಲ್ಲಿ ಯಾವ ದೋಷಾನೂ ಇರಲಿಲ್ಲ."

ಸ್ಟೋರ್‌ಕೀಪರ್ 'ದೋಷಯುಕ್ತ' ಹೊಡೆದುಹಾಕಿ 'ಸುಸ್ಥಿತಿ' ಎಂದು ಬರೆದ. ಪಕ್ಕದಲ್ಲಿ, 'ಹಿಂದಿನ ಬಳಕೆದಾರರ ತಪ್ಪು ಹೊಂದಿಕೆಯನ್ನು ಸರಿಪಡಿಸಲಾಗಿದೆ' ಎಂದು ಸೇರಿಸಿದ. ಸಾಹೇಬರು ಸಹಿ ಹಾಕಿದರು. ಕೆಳಗೆ, ಹಿಂದಿನ ಬಳಕೆದಾರರ ಜಾಗದಲ್ಲಿ, ನೀರಕ್ಕ ಸಹಿ ಹಾಕಿದಳು.

ಎಲ್ಲರೂ ಚದುರಿದ ಮೇಲೆ ಸಾಹೇಬರು ಹತ್ತಿರ ಬಂದು ದನಿ ತಗ್ಗಿಸಿದರು. "ಅಂದ ಹಾಗೆ, ಮುಂದಿನ ತಿಂಗಳು ನನ್ನ ಫೋಟೋಗೆ ನೀವೇ ಬರ್ಬೇಕು. ಇವರ್ಯಾರಿಗೂ ಬರಲ್ಲ."

ನೀರಕ್ಕ ಅವರನ್ನು ನೋಡಿದಳು. ಇಪ್ಪತ್ತೊಂಬತ್ತು ವರ್ಷ ಯಂತ್ರದ ಅಂಕಿಯನ್ನು ನೋಡುತ್ತಿದ್ದ ಹಾಗೆ, ಅದು ಆಡುವುದು ನಿಲ್ಲುವವರೆಗೂ.

"ಬರ್ತೀನಿ ಸರ್, ಖಂಡಿತ" ಎಂದಳು. ಸಾಹೇಬರು ಮೇಜಿನ ಮೇಲಿಟ್ಟಿದ್ದ ಕ್ಯಾಮೆರಾವನ್ನು ಎತ್ತಿಕೊಂಡಳು. ಸ್ಟೋರ್‌ಕೀಪರ್ ಅದಕ್ಕೆ ಕೈ ಚಾಚಿದಾಗ, "ಒಂದ್ನಿಮಿಷ ತಾಳಪ್ಪಾ, ನಿನ್ನ ಬೆರಳಿನ ಗುರುತಿದೆ, ಒರೆಸಿ ಕೊಡ್ತೀನಿ" ಎಂದು ಕೋಟಿನ ಅಂಚಿನಿಂದ ಪರದೆ ಒರೆಸಿದಳು. ಮೆನುವಿನ ಮೂರನೇ ಪುಟ, ಐದನೇ ಸಾಲು. ಆರು ವರ್ಷದ ಅಭ್ಯಾಸ. ನೋಡದೆಯೂ ಬೆರಳು ಹೋಯಿತು. ಫೋಕಸ್ಸು ಮೇಲಿನ ಗುಂಡಿಯಿಂದ ಇಳಿದು ಹಿಂದಿನ ಗುಂಡಿಗೆ ಬಂದು ಕೂತಿತು. ಕಪಾಟಿಗೆ ಬೀಗ ಬಿತ್ತು.

ಬಸ್ ನಿಲ್ದಾಣದಲ್ಲಿ ಹೂಗುಚ್ಛವನ್ನು ಕಂಕುಳಲ್ಲಿಟ್ಟುಕೊಂಡು ನಿಂತ ನೀರಕ್ಕನಿಗೆ ಒಂದು ತಿಂಗಳಾಚೆಯ ಮಧ್ಯಾಹ್ನ ತಿಳಿನೀರಿನಂತೆ ಕಾಣುತ್ತಿತ್ತು. ಸಾಹೇಬರ ಗಲ್ಲ ಎತ್ತಿಸುವುದು. ಕಾಲರ್ ಸರಿ ಮಾಡುವುದು. ಸ್ವಲ್ಪ ನಗಿ ಸರ್, ಇನ್ನೊಂದು ಸರ್, ಎಂದು ಹತ್ತು ಸಲ ಕ್ಲಿಕ್ ಅನ್ನಿಸುವುದು. ಕ್ಯಾಮೆರಾದ ಮೇಲೆ ಅನುಮಾನ ಪಡುವಂತಿಲ್ಲ. ಸುಸ್ಥಿತಿ ಎಂದು ಅವರದೇ ಸಹಿಯಿದೆ. ಹೋಗುವುದೇನೋ ಖಂಡಿತ, ಕೊಟ್ಟ ಮಾತು. ಆದರೆ ಅವತ್ತು ಕೆಲಸ ಮಾಡುವುದು ತೋರುಬೆರಳು ಒಂದೇ.

ಹೆಬ್ಬೆರಳು ಇವತ್ತು ಐದು ಗಂಟೆಗೇ ನಿವೃತ್ತಿಯಾಗಿದೆ.