ಚಿಕ್ಕಪ್ಪ ನನಗೆ ಹುಡುಕಿದ ಜಾಗ

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಫುಟ್‌ಬಾಲನ್ನು ಒದೆಯಲು ಹೋದದ್ದು ಒಂದೇ ಸಲ. ಹಾರಿಹೋದದ್ದು ಅವರ ಮೆಟ್ಟು. ಚೆಂಡು ಇದ್ದಲ್ಲೇ ಇತ್ತು! ಆದರೂ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಗೆಲ್ಲ ಫುಟ್‌ಬಾಲ್ ಬಲ್ಲವನು ತಾನೊಬ್ಬನೇ ಎಂದು ಅವರು ನಂಬಿದ್ದರು. ಬೆಂಗಳೂರಿನ ದಂಡಿನಲ್ಲಿ ಸೋಲ್ಜರುಗಳ ಪಂದ್ಯವೊಂದನ್ನು ಬೇಲಿಯಾಚೆ ನಿಂತು ನೋಡಿದ್ದರಂತೆ. ಅದೂ ಅರ್ಧ. ಅಷ್ಟರಲ್ಲಿ ಮಳೆ ಬಂತಂತೆ. ಒಬ್ಬ ಮನುಷ್ಯ ಪಂಡಿತನಾಗಲು ಇನ್ನೆಷ್ಟು ಬೇಕು?

ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ತಲೆಗೆ ಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಕಚ್ಚೆಪಂಚೆ, ಕಂಕುಳಲ್ಲಿ ಕೊಡೆ. ಕಚೇರಿ ಬಿಟ್ಟೊಡನೆ ಸ್ಕೂಲಿನ ಮೈದಾನಕ್ಕೆ ಬಂದು ನಮ್ಮ ತಂಡವನ್ನು ನಡೆಸುತ್ತಿದ್ದರು. ನಡೆಸಿರೆಂದು ಅವರನ್ನು ಯಾರೂ ಕೇಳಿರಲಿಲ್ಲ. ಬೇಡವೆನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಬಡವನಹಳ್ಳಿಯಲ್ಲಿ ಹೈಸ್ಕೂಲಿಲ್ಲವೆಂದು ಅಪ್ಪ ನನ್ನನ್ನು ಮಧುಗಿರಿಗೆ ತಂದು ಅವರ ಮನೆಯಲ್ಲಿ ಬಿಟ್ಟಿದ್ದರು. ಚಿಕ್ಕಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಮುದ್ದೆ ಅವರೇ ತೊಳಸುತ್ತಿದ್ದರು, ಸಾರು ನಾನು ಕಾಯಿಸುತ್ತಿದ್ದೆ. ಎದುರುಬದುರು ಕೂತು ಉಣ್ಣುತ್ತಿದ್ದೆವು. ಮಾತು ಮಾತ್ರ ಇಲ್ಲ! "ಉಪ್ಪು?" ಎಂದರೆ ಅವತ್ತಿಗೆ ಅದು ದೊಡ್ಡ ಭಾಷಣ. ಊಟವಾದ ಮೇಲೆ ಅವರು ನೆಲದ ಮೇಲೆ ಕಡಲೇಕಾಯಿಗಳನ್ನು ತಂಡದಂತೆ ಜೋಡಿಸಿ, ಒಂದೊಂದನ್ನೇ ಹಿಂದೆ ಮುಂದೆ ಸರಿಸುತ್ತಾ ಯೋಚಿಸುತ್ತಿದ್ದರು. ಅಂದು ಕೆಟ್ಟದಾಗಿ ಆಡಿದವನನ್ನು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಸಂಜೆ ಕಣ್ಣೆದುರೇ ನನ್ನನ್ನು ತಿಂದರು!

ಅವರ ಕಷ್ಟವೆಂದರೆ, ನಾನು ಎಲ್ಲಿ ನಿಲ್ಲಿಸಿದರೂ ಆಡುತ್ತಿದ್ದೆ. ಎಲ್ಲ ಕಡೆಗೂ ಸಲ್ಲುವವನನ್ನು ಯಾವ ಕಡೆ ನಿಲ್ಲಿಸುವುದು?

ಮೊದಲು ಗೋಲ್‌ಕೀಪರ್ ಮಾಡಿದರು. ಕೊರಟಗೆರೆಯಲ್ಲಿ ಪಂದ್ಯ. ನಮ್ಮವರು ಚೆಂಡನ್ನು ಆ ತುದಿಯಲ್ಲೇ ಹಿಡಿದಿಟ್ಟುಕೊಂಡಿದ್ದರು. ಈ ತುದಿಯಲ್ಲಿ ಎರಡು ಗಳುಗಳ ನಡುವೆ ನಾನೊಬ್ಬನೇ. ಎಲ್ಲರೂ ಅಲ್ಲಿ ಕೂಗುತ್ತಿದ್ದಾರೆ, ನಗುತ್ತಿದ್ದಾರೆ. ನನಗೆ ಬಡವನಹಳ್ಳಿಯ ನೆನಪಾಯಿತು. ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು, "ಯಾಕ್ ಮಗ, ಒಬ್ನೇ ನಿಂತ್ಕಂಡಿದ್ದೀಯ? ಅವ್ರು ಆಟಕ್ಕೆ ಸೇರಿಸ್ಕಳ್ಳಿಲ್ವಾ?" ಎಂದು ಮರುಗಿದಳು.

"ಇಲ್ಲಜ್ಜಿ, ನಾನೂ ಆಡ್ತಾ ಇದ್ದೀನಿ" ಎಂದು ಹೇಳಿ ಮುಗಿಸುವಷ್ಟರಲ್ಲಿ ಚೆಂಡು ನನ್ನ ಪಕ್ಕದಿಂದಲೇ ಒಳಗೆ ಹೋಯಿತು!

ಆಮೇಲೆ ಫುಲ್‌ಬ್ಯಾಕ್. ಯುದ್ಧದ ಕಾಲವಾದ್ದರಿಂದ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಅರ್ಧ ದಾರಿ ನಾವೇ ತಳ್ಳಿಕೊಂಡು ಸಿರಾ ಸೇರಿದೆವು. ಅಲ್ಲಿ ನಾನು ಒದ್ದ ಚೆಂಡು ಮೈದಾನ ದಾಟಿ ನಿಂತಿದ್ದ ಜಟಕಾದೊಳಗೆ ಬಿತ್ತು. ಕುದುರೆ ಬೆದರಿ, ಚೆಂಡಿನ ಸಮೇತ ಕೋಟೆಯ ಕಡೆಗೆ ದೌಡಾಯಿಸಿತು. ಊರಿಗೆಲ್ಲ ಇದ್ದದ್ದು ಅದೊಂದೇ ಚೆಂಡು. ಪಂದ್ಯ ಅಲ್ಲಿಗೆ ಖಲಾಸ್. ಕುದುರೆಯನ್ನು ಹಿಡಿದು ತಂದ ಜಟಕಾ ಸಾಬರು ಬೈಯಲಿಲ್ಲ. "ಯಜಮಾನ್ರೇ, ಈ ಹುಡುಗನ್ ಬದ್ಲು ನಮ್ ಘೋಡಾನೇ ಆಡ್ಸಿ. ಬಾಲ್ ತಗೊಂಡು ಓಡೋಕೆ ಅದ್ಕಿಂತ ಅಚ್ಛಾ ಯಾರಿದ್ದಾರೆ!" ಎಂದರು. ಚಿಕ್ಕಪ್ಪ ಕುದುರೆಯ ಕಾಲನ್ನು ಒಮ್ಮೆ ಗಂಭೀರವಾಗಿ ನೋಡಿದರು. ನನಗೆ ಭಯವಾಯಿತು!

ಊರಿಗೆ ಬಂದ ಮೇಲೆ ಒಂದು ಸಂಜೆ ಅಭ್ಯಾಸಕ್ಕೆಂದು ಸೆಂಟರ್ ಹಾಫ್‌ನಲ್ಲಿ, ಅಂದರೆ ಮೈದಾನದ ನಟ್ಟನಡುವೆ, ನಿಲ್ಲಿಸಿದರು. ಅವತ್ತು ನನಗೆ ಏನಾಯಿತೋ! ಹಿಂದೆಯೂ ನಾನೇ, ಮುಂದೆಯೂ ನಾನೇ. ಗೆಳೆಯರು ಹೆಗಲ ಮೇಲೆ ಹೊತ್ತು ಕುಣಿದರು. ಚಿಕ್ಕಪ್ಪನ ಮುಖ ಮಾತ್ರ ಸಪ್ಪಗಿತ್ತು. "ಸುಮಾರು, ಬುಡು" ಎಂದರು. ಮಾರನೆಯ ದಿನದಿಂದ ನನ್ನ ಜಾಗ ಲೆಫ್ಟ್ ಔಟ್, ಎಡಗಡೆಯ ಗೆರೆಯ ಅಂಚು. ಯಾಕೆಂದು ಕೇಳುವಂತಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅವರ ನಿಜವಾದ ಅವತಾರ! ನಾನು ಗೆರೆಯ ಒಳಗೆ ಓಡಿದರೆ ಅವರು ಗೆರೆಯ ಹೊರಗೆ, ಕೊಡೆ ಬಿಚ್ಚಿಕೊಂಡು, ಕಚ್ಚೆ ಬಿಗಿದುಕೊಂಡು, ಜೊತೆಜೊತೆಗೇ ಓಟ. ಆ ಮೌನಿಯ ಬಾಯಿಗೆ ಬಿಡುವೇ ಇಲ್ಲ.

"ಓಡ್ಲಾ, ಓಡು! ಎಡಗಾಲಲ್ಲಿ ಒದಿ! ಬೆಳಿಗ್ಗೆ ಸಾರು ಚೆಂದಾಗಿತ್ತು ಕಣ್ಲಾ... ಲೇ, ಅವ್ನು ಬಂದ, ತಪ್ಪುಸ್ಕೋ! ಅಮಲ್ದಾರ್ರು ಇವತ್ತು ಏನಂದ್ರು ಗೊತ್ತಾ?"

ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದರೆ ನನ್ನ ಎಡಗಡೆ ಆಚೆ ದಡಕ್ಕೆ ಹೋಗುತ್ತದಲ್ಲ? ಚಿಕ್ಕಪ್ಪನೂ ಮೈದಾನದ ನಡುವೆ ಹಾದು ಆಚೆ ದಡಕ್ಕೆ! ಪಾವಗಡದಲ್ಲಿ ಬೆಟ್ಟದ ಕೆಳಗೆ ಪಂದ್ಯವಾದಾಗ, ನೋಡುತ್ತಿದ್ದವರೊಬ್ಬರು ತೆಲುಗಿನಲ್ಲಿ, "ಈ ಗೊಡುಗು ಆಯನ ಎವರಯ್ಯಾ? ಪನ್ನೆಂಡೋ ಆಟಗಾಡಾ?" ಎಂದು ಕೇಳಿದರು. ಕೊಡೆಯವರು ಹನ್ನೆರಡನೆಯ ಆಟಗಾರರೇ ಎಂದು ಅವರ ಅನುಮಾನ!

ಆ ಪಂದ್ಯದ ಉತ್ತರಾರ್ಧದಲ್ಲಿ ನಮ್ಮ ಸೆಂಟರ್ ಹಾಫ್ ಕಾಲು ಉಳುಕಿ ಕುಸಿದ. ಕ್ಯಾಪ್ಟನ್ ಚಿಕ್ಕಪ್ಪನನ್ನು ಕೇಳದೆ ನನ್ನನ್ನು ನಡುವಿಗೆ ಎಳೆದ. ನಾವು ಸೋಲುತ್ತಿದ್ದವರು ಗೆದ್ದೆವು. ನಡುವೆ ಒಮ್ಮೆ ತಿರುಗಿ ನೋಡಿದೆ. ಚಿಕ್ಕಪ್ಪ ಓಡುತ್ತಿರಲಿಲ್ಲ. ಯಾವ ಕಡೆಗೆ ಓಡಬೇಕೆಂದು ತಿಳಿಯದೆ ಎಡಗಡೆಯ ಗೆರೆಯ ಪಕ್ಕ ಸುಮ್ಮನೆ ನಿಂತಿದ್ದರು.

ಆಟ ಮುಗಿದಾಗ ತುಮಕೂರಿನ ಒಂದು ಸ್ಕೂಲಿನ ಡ್ರಿಲ್ ಮೇಷ್ಟ್ರು ಅವರ ಬಳಿ ಬಂದರು. "ಹುಡುಗನನ್ನ ನಮ್ಮ ಹಾಸ್ಟೆಲ್‌ನಲ್ಲಿಟ್ಟುಕೊಂಡು ಓದಿಸ್ತೀವಿ. ಆದರೆ ನಮಗೆ ಬೇಕಾಗಿರೋದು ಸೆಂಟರ್ ಹಾಫ್. ಇವನನ್ನ ನೀವು ಲೆಫ್ಟ್ ಔಟ್ ಆಡಿಸ್ತೀರಂತೆ? ಇವನ ಜಾಗ ಯಾವುದು, ನೀವೇ ಹೇಳಿ."

ಚಿಕ್ಕಪ್ಪ ನನ್ನ ಮುಖ ನೋಡಿದರು. ಕೊಡೆಯನ್ನು ಮಡಿಸಿದರು, ಮತ್ತೆ ಬಿಚ್ಚಿದರು. "ಲೆಫ್ಟ್ ಔಟ್" ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಸೆಂಟರ್ ಹಾಫೇ ಸ್ವಾಮಿ" ಎಂದರು. "ಅನುಮಾನವೇ ಬ್ಯಾಡ. ಇವ್ನನ್ನ ಬ್ಯಾರೆ ಎಲ್ಲೂ ನಿಲ್ಲುಸ್ಬ್ಯಾಡಿ."

ಬಸ್ಸು ಹತ್ತಿ ಕೂತ ಮೇಲೆ ಕೇಳಿದೆ: "ಚಿಕ್ಕಪ್ಪ, ನಿಮಗೆ ಮೊದ್ಲೇ ಗೊತ್ತಿತ್ತಾ?"

"ಹೂಂ. ಅವತ್ತು ಸಂಜೇನೇ ಗೊತ್ತಾಯ್ತು."

"ಮತ್ಯಾಕೆ ಲೆಫ್ಟ್ ಔಟ್ ಹಾಕಿದ್ರಿ?"

ಕೊಡೆಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ, "ನಡುಮಧ್ಯಕ್ಕೆ ನನ್ ಮಾತು ಕೇಳುಸ್ತಿರ್ಲಿಲ್ಲ ಕಣ್ಲಾ" ಎಂದರು. "ಮನೇಲಿ ನಿನ್ ಮುಂದೆ ಕುಂತ್ರೆ ಏನ್ ಮಾತಾಡ್ಬೇಕು ಅಂತ್ಲೇ ತೋಚಲ್ಲ. ಅಲ್ಲಿ ಓಡ್ತಾ ಓಡ್ತಾ ಅದ್ಯಾವ ಮಾಯದಲ್ಲೋ ಬಂದ್ಬುಡೋದು."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ನಾನು ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಲೆಕ್ಕದ ಮೇಷ್ಟ್ರ ವಿಷಯ, ನಮ್ಮೂರ ಬಾವಿಯಲ್ಲಿ ಈಜು ಕಲಿತದ್ದು, ಅಮ್ಮ ಮಾಡುವ ಹುರುಳಿ ಸಾರು. ಯಾವುದಕ್ಕೂ ತಲೆಬುಡವಿರಲಿಲ್ಲ. ಬಸ್ಸು ಕೆಮ್ಮುತ್ತಾ ನಿಧಾನಕ್ಕೆ ಹೋಗುತ್ತಿತ್ತು. ಚಿಕ್ಕಪ್ಪ ನನ್ನ ಕಡೆಗೆ ತಿರುಗಿ ಕೂತು, ಒಂದು ಮಾತನ್ನೂ ಬಿಡದೆ, "ಹೂಂ... ಆಮ್ಯಾಕೆ?" ಎನ್ನುತ್ತಾ ಮಧುಗಿರಿ ಬರುವ ತನಕ ಕೇಳಿಸಿಕೊಂಡರು.